ಗೆಡ್ಡೆಗಳ ಗುರುತು ಹಿಡಿದ ವೈದ್ಯ: ರಾಬರ್ಟ್ ವೈಟ್

ಬೇಸಿಗೆ ಕಾಲಿಟ್ಟೊಡನೆ ನಮ್ಮ ಎಮ್ಮಿಗನೂರಿನಲ್ಲಿಯೂ ಆದವಾನಿಯಲ್ಲಿಯೂ ರಸ್ತೆಯ ಬದಿಗೆ ನನ್ನಾರಿ ಶರಬತ್ತಿನ ಬಂಡಿಗಳು ಕಾಣಿಸಿಕೊಳ್ಳುತ್ತವೆ. ನಿಂಬೆಯ ರಸದೊಡನೆ ಬೆರೆತ ಆ ಕಂದು ಪಾನಕದ ಪರಿಮಳ ನಮ್ಮ ಸೀಮೆಯವರಿಗೆ ಬಾಲ್ಯದಿಂದಲೂ ಪರಿಚಿತವಾದುದು. ಆ ಪರಿಮಳ ಬರುವುದು ಬೇರಿನಿಂದ. ಸೊಗದೆಯ ತೆಳ್ಳನೆಯ ಬೇರಿನಿಂದ ಕೆಲವರು ಅದನ್ನು ತಯಾರಿಸುತ್ತಾರೆ. ನಲ್ಲಮಲದ ಕಡೆಯಿಂದ ಬರುವ, ತೆಲುಗಿನಲ್ಲಿ ಮಾರೇಡು ಗಡ್ಡ ಎಂದು ಕರೆಯುವ, ಹೆಬ್ಬೆರಳಿಗಿಂತ ದಪ್ಪನಾದ ಬೇರುಗೆಡ್ಡೆಯಿಂದ ಇನ್ನು ಕೆಲವರು ತಯಾರಿಸುತ್ತಾರೆ. ಕನ್ನಡ ನಾಡಿನ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ಮಾಗಳಿ ಬೇರೂ ಅದೇ. ಅಡುಗೆಮನೆಯವರಿಗೂ ಗುಡ್ಡಗಾಡಿನವರಿಗೂ ಬಹುಕಾಲದಿಂದ ತಿಳಿದಿದ್ದ ಈ ಬಳ್ಳಿಗೆ ಸಸ್ಯಶಾಸ್ತ್ರದಲ್ಲಿ ಒಂದು ಸ್ಥಾನವೂ ಡೆಕಲೆಪಿಸ್ ಹ್ಯಾಮಿಲ್ಟೋನಿಯೈ ಎಂಬ ಹೆಸರೂ ದೊರೆತದ್ದು 1834ರಲ್ಲಿ. ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ರಾಬರ್ಟ್ ವೈಟ್. ಅದೇ ವರ್ಷ ಅವರು ಸೇನಾ ವೈದ್ಯರಾಗಿ ಬಳ್ಳಾರಿಗೆ ಬಂದರು. ಅಂದು ನಮ್ಮ ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ನೆಲದಡಿಯಲ್ಲಿ ಅಡಗಿ ಬಾಳುವ ಗಿಡಗಳ ಗುರುತು ಹಿಡಿಯುವುದರಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ಈ ಮಹನೀಯರ ಜೀವನವು ಶತಮಾನೋತ್ಸವದ ಈ ಸಂಚಿಕೆಯ ಓದುಗರಿಗೆ, ಅದರಲ್ಲಿಯೂ ಮಕ್ಕಳಿಗೆ ಪಾಠ ಹೇಳುವವರಿಗೆ, ತಿಳಿದಿರಬೇಕಾದುದೆಂದು ಭಾವಿಸಿ ಇದನ್ನು ಬರೆದಿದೆ.

ರಾಬರ್ಟ್ ವೈಟ್ 1796ರ ಜುಲೈ 6ರಂದು ಸ್ಕಾಟ್ಲೆಂಡಿನ ಪೂರ್ವ ಲೋಥಿಯನ್ ಪ್ರಾಂತದಲ್ಲಿ ಜನಿಸಿದರು. ತಂದೆ ಎಡಿನ್‌ಬರೋ ನಗರದ ನ್ಯಾಯವಾದಿ. ಮನೆ ತುಂಬ ಮಕ್ಕಳು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನು ಕಲಿತು 1818ರಲ್ಲಿ ಪದವೀಧರರಾದರು. ಆ ಕಾಲದಲ್ಲಿ ವೈದ್ಯನಾಗಬೇಕಾದವನು ಗಿಡಮೂಲಿಕೆಗಳನ್ನು ಬಲ್ಲವನಾಗಿರಬೇಕಿತ್ತು. ಔಷಧಿಯೆಂಬುದು ಬಹುಮಟ್ಟಿಗೆ ಬೇರು, ತೊಗಟೆ, ಎಲೆಗಳೇ ಆಗಿದ್ದುದರಿಂದ ಸಸ್ಯಶಾಸ್ತ್ರವು ವೈದ್ಯಶಿಕ್ಷಣದ ಒಂದು ಅಂಗವಾಗಿತ್ತು. ಪರೀಕ್ಷೆ ಮುಗಿದ ಮೇಲೆ ಹಲವರು ಆ ಭಾಗವನ್ನು ಮರೆತರು, ವೈಟ್ ಮರೆಯಲಿಲ್ಲ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಮದರಾಸಿಗೆ ಬಂದಿಳಿದಾಗ ಅವರಿಗೆ ಇಪ್ಪತ್ತಮೂರು ವರ್ಷ.

ಸೇನೆಯ ವೈದ್ಯನಿಗೆ ಒಂದೂರಿನ ನೆಲೆ ಎಂಬುದಿರಲಿಲ್ಲ. ದಂಡು ನಡೆದತ್ತ ಅವನೂ ನಡೆಯಬೇಕು. ಈ ಅಲೆದಾಟವನ್ನೇ ವೈಟ್ ತಮ್ಮ ಅಭ್ಯಾಸಕ್ಕೆ ಅನುಕೂಲ ಮಾಡಿಕೊಂಡರು. ಸ್ಥಳೀಯರನ್ನು ನೇಮಿಸಿಕೊಂಡು ಗಿಡಗಳನ್ನು ತರಿಸಿದರು, ಒಣಗಿಸಿದರು, ಒಂದೊಂದಕ್ಕೂ ಸ್ಥಳದ ಗುರುತು ಬರೆದಿಟ್ಟರು. ಆದರೆ ಆರಂಭವು ನಷ್ಟದಿಂದಲೇ ಆಯಿತು. ಎಡಿನ್‌ಬರೋದಲ್ಲಿದ್ದ ಪ್ರಾಧ್ಯಾಪಕ ಗ್ರಹಾಂ ಅವರಿಗೆಂದು ಕಳುಹಿಸಿದ ಮೊದಲ ಸಂಗ್ರಹವು ಗುಡ್‌ಹೋಪ್ ಭೂಶಿರದ ಬಳಿ ಹಡಗಿನೊಡನೆ ಸಮುದ್ರದ ಪಾಲಾಯಿತು. ವರ್ಷಗಳ ದುಡಿಮೆ ಹಾಗೆ ಹೋದರೂ ಅವರು ಮತ್ತೆ ಮೊದಲಿನಿಂದ ಕೂಡಿಸತೊಡಗಿದರು. ಈ ಬಾರಿ ಗ್ಲಾಸ್ಗೋದ ವಿಲಿಯಂ ಜಾಕ್ಸನ್ ಹೂಕರ್ ಅವರಿಗೆ ಕಳುಹಿಸಿದ ಮಾದರಿಗಳೂ ಚಿತ್ರಗಳೂ ಸುರಕ್ಷಿತವಾಗಿ ಮುಟ್ಟಿದವು; ಅಲ್ಲಿಂದ ಜೀವಮಾನದ ಸ್ನೇಹವೊಂದು ಬೆಳೆಯಿತು.

1826ರಲ್ಲಿ ವೈಟ್ ಅವರಿಗೆ ಮದರಾಸು ಸರ್ಕಾರದ ಪ್ರಕೃತಿವಿಜ್ಞಾನಿಯ ಹುದ್ದೆ ದೊರೆಯಿತು. ಆಗ ಗವರ್ನರ್ ಆಗಿದ್ದವರು ಥಾಮಸ್ ಮನ್ರೋ. 1800ರಲ್ಲಿ ದತ್ತಮಂಡಲವು ಕಂಪನಿಯ ಕೈಗೆ ಬಂದಾಗ ಇಲ್ಲಿಯ ಮೊದಲ ಪ್ರಧಾನ ಕಲೆಕ್ಟರ್ ಆಗಿದ್ದು, 1827ರಲ್ಲಿ ನಮಗೆ ಸಮೀಪದ ಪತ್ತಿಕೊಂಡದಲ್ಲಿಯೇ ಕಾಲರಾಕ್ಕೆ ತುತ್ತಾದವರು ಅವರೇ. ಮನ್ರೋ ತರುವಾಯ ಬಂದ ಆಡಳಿತವು ಖರ್ಚನ್ನು ತಗ್ಗಿಸುವ ನೆಪದಲ್ಲಿ 1828ರಲ್ಲಿ ಪ್ರಕೃತಿವಿಜ್ಞಾನಿಯ ಹುದ್ದೆಯನ್ನೇ ರದ್ದುಮಾಡಿತು. ವೈಟ್ ಮತ್ತೆ ಸೇನಾ ವೈದ್ಯರಾಗಿ ನಾಗಪಟ್ಟಣಕ್ಕೆ ಹೋಗಬೇಕಾಯಿತು. ಸಂಬಳ ಬರುವ ಕೆಲಸ ಒಂದು, ಮನಸ್ಸು ನೆಟ್ಟ ಕೆಲಸ ಇನ್ನೊಂದು. ಅವರು ಎರಡನೆಯದನ್ನು ಬಿಡದೆ, ಚಿತ್ರಕಾರನ ವೇತನವನ್ನೂ ಸಂಗ್ರಾಹಕರ ಕೂಲಿಯನ್ನೂ ತಮ್ಮ ಜೇಬಿನಿಂದಲೇ ಕೊಡುತ್ತ ಮುಂದುವರಿದರು.

1831ರಲ್ಲಿ ರಜೆ ಪಡೆದು ಸ್ವದೇಶಕ್ಕೆ ಹೊರಟಾಗ ಅವರೊಡನೆ ಹಡಗನ್ನೇರಿದ್ದು ಸುಮಾರು ಒಂದು ಲಕ್ಷ ಒಣಸಸ್ಯಗಳ ಮಾದರಿಗಳು. ಅಲ್ಲಿ ಜಾರ್ಜ್ ವಾಕರ್ ಆರ್ನಟ್ ಎಂಬ ವಿದ್ವಾಂಸರು ಜೊತೆಯಾದರು. ಇಬ್ಬರೂ ಕುಳಿತು ದಕ್ಷಿಣ ಭಾರತದ ಸಸ್ಯಗಳನ್ನು ಹೊಸ ಕ್ರಮದಲ್ಲಿ ವಿಂಗಡಿಸಲು ತೊಡಗಿದರು. ಈ ಹೊಸ ಕ್ರಮವೇನೆಂಬುದನ್ನು ತುಸು ವಿವರಿಸಬೇಕು.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರತಿಯೊಂದು ಗಿಡಕ್ಕೂ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದರು. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಅದು ಇಂದಿಗೂ ನಡೆದುಬಂದಿದೆ. ಆದರೆ ಗಿಡಗಳನ್ನು ಗುಂಪುಗೂಡಿಸಲು ಅವರು ಬಳಸಿದ್ದು ಲೆಕ್ಕದ ಉಪಾಯ: ಹೂವಿನಲ್ಲಿ ಕೇಸರಗಳೆಷ್ಟು, ಶಲಾಕೆಗಳೆಷ್ಟು ಎಂದು ಎಣಿಸುವುದು. ಕಲಿಯಲು ಸುಲಭ, ಆದರೆ ಈ ಲೆಕ್ಕದಲ್ಲಿ ನಮ್ಮ ಸೊಗದೆಯೂ ಅಡುಗೆಮನೆಯ ಕೊತ್ತಂಬರಿಯೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು. ಬೇರು, ಕಾಂಡ, ಎಲೆ, ಹೂವು, ಕಾಯಿ, ಬೀಜ ಎಲ್ಲವನ್ನೂ ಒಟ್ಟಿಗೆ ನೋಡಿ, ನಿಜವಾದ ನೆಂಟಸ್ತಿಕೆಯನ್ನು ಗುರುತಿಸಬೇಕೆಂಬ ಸಹಜ ವರ್ಗೀಕರಣವು ಯೂರೋಪಿನಲ್ಲಿ ಬಲಗೊಳ್ಳುತ್ತಿತ್ತು. ಅದನ್ನು ಭಾರತದ ಸಸ್ಯಗಳಿಗೆ ವ್ಯವಸ್ಥಿತವಾಗಿ ಅನ್ವಯಿಸಿದ ಮೊದಲಿಗರಲ್ಲಿ ವೈಟ್ ಮತ್ತು ಆರ್ನಟ್ ಪ್ರಮುಖರು. 1834ರಲ್ಲಿ ಅವರ ಗ್ರಂಥದ ಮೊದಲ ಸಂಪುಟ ಹೊರಬಂದಿತು. ಎರಡನೆಯದು ಬರಲೇ ಇಲ್ಲ. ಅದೇ ವರ್ಷ ವೈಟ್ ಪ್ರಕಟಿಸಿದ ಮತ್ತೊಂದು ಪುಸ್ತಕದಲ್ಲಿ ಎಕ್ಕದ ಕುಟುಂಬದ ಗಿಡಗಳ ವಿವರಣೆಯನ್ನು ಇಬ್ಬರೂ ಸೇರಿ ಬರೆದರು. ಮಾಗಳಿ ಬೇರಿನ ಬಳ್ಳಿ ಶಾಸ್ತ್ರವನ್ನು ಪ್ರವೇಶಿಸಿದ್ದು ಆ ಪುಟಗಳಲ್ಲಿ.

ಎಕ್ಕವನ್ನು ಕಾಣದ ಮಗು ನಮ್ಮೂರಿನಲ್ಲಿಲ್ಲ. ಅದರ ಹೂವಿನ ನಡುವೆ ಐದು ಮೂಲೆಗಳ ಕಿರೀಟದಂಥ ಒಂದು ರಚನೆಯಿದೆ. ಅದರ ಅಂಚಿನ ಸೀಳಿಗೆ ಸೂಜಿಯ ಮೊನೆಯನ್ನು ತಾಗಿಸಿ ಮೆಲ್ಲನೆ ಎತ್ತಿದರೆ ಜೋಡಿಯಾದ ಎರಡು ಹಳದಿ ಪರಾಗಪಿಂಡಗಳು ಮೇಲೆ ಬರುತ್ತವೆ. ಬೇರೆ ಹೂಗಳಲ್ಲಿ ಪರಾಗ ಪುಡಿಯಾಗಿ ಉದುರಿದರೆ ಇಲ್ಲಿ ಮೇಣದ ಮುದ್ದೆಯಂತೆ ಅಂಟಿಕೊಂಡಿರುತ್ತದೆ. ಸೊಗದೆ ಮತ್ತು ಮಾಗಳಿಯಲ್ಲಾದರೋ ಪರಾಗ ಸಡಿಲವಾಗಿದ್ದು, ಚಮಚದಂಥ ಪುಟ್ಟ ಅಂಗದ ಮೇಲೆ ಕೂಡಿರುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟವೆನಿಸುವ ಇಂಥ ಭೇದಗಳನ್ನು ಹಿಡಿದು ಕುಲದಿಂದ ಕುಲವನ್ನು ಬೇರ್ಪಡಿಸುವುದು ವೈಟ್ ಮತ್ತು ಆರ್ನಟ್ ಮಾಡಿದ ಕೆಲಸ. ಡೆಕಲೆಪಿಸ್ ಎಂಬ ಗ್ರೀಕ್ ಮೂಲದ ಹೆಸರಿಗೆ ಹತ್ತು ಶಲ್ಕಗಳುಳ್ಳದ್ದು ಎಂದು ಅರ್ಥ.

ಈ ಕುಟುಂಬದಲ್ಲಿಯೇ ಸೆರೋಪೀಜಿಯ ಎಂಬ ಕುಲವಿದೆ. ಅದರ ಹಲವು ಪ್ರಭೇದಗಳು ರಾಯಲಸೀಮೆಯ ಕುರುಚಲು ಗುಡ್ಡಗಳಂಥ ಒಣ ನೆಲದಲ್ಲಿ ಬೆಳೆಯುವ, ಗೆಡ್ಡೆಯುಳ್ಳ ಪುಟ್ಟ ಸಸ್ಯಗಳು. ಬೇಸಿಗೆಯಲ್ಲಿ ಅವು ಅಲ್ಲಿವೆಯೆಂಬ ಸುಳಿವೇ ಸಿಗದು. ಮುಂಗಾರಿನ ಮಳೆ ಬಿದ್ದು ಬಂಡೆಗಳ ಸಂದಿನ ಮಣ್ಣು ನೆನೆದಾಗ ಗೆಡ್ಡೆಯಿಂದ ಎಳೆಯಂಥ ಕಾಂಡ ಹೊರಟು, ಹುಲ್ಲಿಗೋ ಪೊದೆಗೋ ಹಬ್ಬಿ, ಕೆಲವೇ ವಾರಗಳಲ್ಲಿ ಹೂತು, ಕಾಯಾಗಿ, ಮತ್ತೆ ಒಣಗಿ ಮಾಯವಾಗುತ್ತವೆ. ಹೂವಿನ ರೂಪ ವಿಚಿತ್ರವಾದುದು. ಬುಡದಲ್ಲಿ ಉಬ್ಬಿದ ಕೊಳವೆ. ತುದಿಯಲ್ಲಿ ಐದು ದಳಗಳು ಬಾಗಿ ಒಂದನ್ನೊಂದು ಕೂಡಿ ಪಂಜರದಂತೆ ಅಥವಾ ಚಿಕ್ಕ ಕಂದೀಲಿನಂತೆ ಕಾಣುತ್ತವೆ. ಸಣ್ಣ ನೊಣಗಳು ವಾಸನೆಗೆ ಒಲಿದು ಒಳಗಿಳಿಯುತ್ತವೆ. ಕೊಳವೆಯ ಒಳಮೈಯಲ್ಲಿ ಕೆಳಮುಖವಾದ ರೋಮಗಳಿರುವುದರಿಂದ ಇಳಿದ ನೊಣ ಕೂಡಲೇ ಹತ್ತಿ ಬರಲಾರದು. ಸೆರೆಯಲ್ಲಿ ತಡಕಾಡುವಾಗ ಪರಾಗಪಿಂಡ ಅದಕ್ಕೆ ಅಂಟಿಕೊಳ್ಳುತ್ತದೆ. ರೋಮಗಳು ಬಾಡಿದ ಬಳಿಕ ಬಿಡುಗಡೆ ಹೊಂದಿದ ನೊಣ ಆ ಪರಾಗವನ್ನು ಮತ್ತೊಂದು ಹೂವಿಗೆ ಒಯ್ಯುತ್ತದೆ. ಗಿಡ ನೊಣವನ್ನು ತಿನ್ನುವುದಿಲ್ಲ. ಕೆಲಸ ಮಾಡಿಸಿಕೊಂಡು ಕಳುಹಿಸುತ್ತದೆ.

ಇಂಥ ಗಿಡಗಳ ವರ್ಣನೆ ಸುಲಭವಾಗಿರಲಿಲ್ಲ. ಸಸ್ಯಶಾಸ್ತ್ರಜ್ಞನ ಆಧಾರ ಒಣಸಸ್ಯ. ಗಿಡವನ್ನು ಕಾಗದದ ನಡುವೆ ಒತ್ತಿಟ್ಟು ಒಣಗಿಸಿದ ಮಾದರಿ. ಎಲೆ ಒಣಗುತ್ತದೆ, ಹೂವು ಚಪ್ಪಟೆಯಾಗುತ್ತದೆ. ನೀರು ತುಂಬಿದ ಗೆಡ್ಡೆಯಾದರೋ ಕೊಳೆಯುತ್ತದೆ. ಆದ್ದರಿಂದ ಅನೇಕರು ಗೆಡ್ಡೆಯನ್ನು ಅಗೆಯದೆ ಮೇಲಿನ ಭಾಗವನ್ನಷ್ಟೇ ಕಿತ್ತು ತರುತ್ತಿದ್ದರು. ಗಿಡವನ್ನು ವರ್ಷವಿಡೀ ಉಳಿಸಿದ ಅಂಗವೇ ಮಾದರಿಯಲ್ಲಿ ಇರುತ್ತಿರಲಿಲ್ಲ. ಇನ್ನು ಎಲೆಯನ್ನು ನಂಬುವುದಂತೂ ಅಪಾಯಕರ. ವೈಟ್ ಅವರಿಗಿಂತ ಮುಂಚೆ ಕೋರಮಂಡಲ ತೀರದ ಸಾಮರ್ಲಕೋಟೆಯಲ್ಲಿ ನೆಲೆಸಿ ಗಿಡಗಳನ್ನು ಪರಿಶೀಲಿಸಿದ್ದ ವಿಲಿಯಂ ರಾಕ್ಸ್‌ಬರೋ ಈ ಕುಲದ ಹಲವು ಪ್ರಭೇದಗಳನ್ನು ಮೊದಲು ವರ್ಣಿಸಿದವರು. ಸೆರೋಪೀಜಿಯ ಬಲ್ಬೋಸ ಎಂಬ ಹೆಸರು ಅವರದೇ. ದುಂಡು ಎಲೆಯ ಗಿಡವನ್ನು ಒಂದು ಪ್ರಭೇದವೆಂದೂ ಕಿರಿದಾದ ಚೂಪು ಎಲೆಯದನ್ನು ಇನ್ನೊಂದೆಂದೂ ಅವರು ಬರೆದರು. ಅವೆರಡೂ ಒಂದೇ ಪ್ರಭೇದದ ಎರಡು ರೂಪಗಳೆಂದು ನಂತರದವರು ನಿರ್ಣಯಿಸಿದರು. ಅಷ್ಟು ಬಲ್ಲವರಿಗೂ ಹೀಗಾದ ಮೇಲೆ ಸಸ್ಯವನ್ನು ಬೇರಿನಿಂದ ಬೀಜದವರೆಗೆ ಜೀವಂತವಾಗಿ ನೋಡಿ, ಬಾಡುವ ಮುನ್ನವೇ ಚಿತ್ರಿಸಿಡುವುದೊಂದೇ ಮಾರ್ಗ.

ಆ ಚಿತ್ರಗಳನ್ನು ಬರೆದವರು ಇಬ್ಬರು ದಕ್ಷಿಣ ಭಾರತೀಯರು: ರಂಗಯ್ಯ ಮತ್ತು ಗೋವಿಂದು. ಮೊದಲಿನ ಇಪ್ಪತ್ತು ವರ್ಷಗಳಷ್ಟು ಕಾಲ ರಂಗಯ್ಯನವರೂ ತರುವಾಯ ಗೋವಿಂದು ಅವರೂ ವೈಟ್ ಅವರ ಜೊತೆಗಿದ್ದರು. ಗಿಡದ ಒಟ್ಟು ನಿಲುವನ್ನು ಬರೆದು, ಪಕ್ಕದಲ್ಲಿ ಹೂವಿನ ಒಂದೊಂದು ಅಂಗವನ್ನೂ ಬಿಡಿಸಿ, ಹಿಗ್ಗಿಸಿ ತೋರಿಸುವ ಶಾಸ್ತ್ರೀಯ ಚಿತ್ರಣದಲ್ಲಿ ಅವರ ಕೈ ಪಳಗಿತು. ಎಕ್ಕದ ಕುಟುಂಬದ ಹೂವಿನ ಒಳಗನ್ನು ಬರೆಯುವುದೆಂದರೆ ಸಾಸಿವೆ ಕಾಳಿಗಿಂತ ಚಿಕ್ಕದಾದುದನ್ನು ಅಳತೆ ತಪ್ಪದೆ ಬರೆಯುವುದು. ಆ ಗೆರೆಗಳು ತಪ್ಪಿದ್ದರೆ ವೈಟ್ ಅವರ ಮಾತೂ ತಪ್ಪುತ್ತಿತ್ತು.

1834ರಲ್ಲಿ ಭಾರತಕ್ಕೆ ಮರಳಿದ ವೈಟ್ ಅವರನ್ನು ಬಳ್ಳಾರಿಯಲ್ಲಿದ್ದ 33ನೆಯ ದೇಶೀಯ ಕಾಲ್ದಳಕ್ಕೆ ನೇಮಿಸಿದ್ದರು. ದಂಡು ಅಲ್ಲಿಂದ ದಕ್ಷಿಣದ ಪಾಳಯಂಕೋಟೆಗೆ ಹೊರಟಾಗ ಅವರೂ ನೂರಾರು ಮೈಲಿ ಅದರೊಡನೆ ಸಾಗಿದರು; ದಾರಿಯುದ್ದಕ್ಕೂ ಗಿಡಗಳನ್ನು ಕೂಡಿಸಿದರು. ಬಳ್ಳಾರಿಯ ಬಂಡೆಗುಡ್ಡಗಳನ್ನೂ ಎರೆಭೂಮಿಯನ್ನೂ ಕಂಡವರಿಗೆ ನಮ್ಮ ನೆಲದ ಪರಿಚಯವನ್ನು ಬೇರೆಯಾಗಿ ಹೇಳಬೇಕಿಲ್ಲ. ಮುಂದೆ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿ ಬಳ್ಳಾರಿ ಮೈಸೂರಿಗೆ ಹೋದಾಗ ಗಡಿಯ ಕಲ್ಲು ನಡುವೆ ಬಿದ್ದಿತು. ಗೆಡ್ಡೆಗಳಿಗೆ ಅದು ಗೊತ್ತಾಗಲಿಲ್ಲ. ಎರಡೂ ಕಡೆ ಒಂದೇ ಮಳೆಗೆ ಚಿಗುರುತ್ತವೆ.

1836ರಲ್ಲಿ ಸರ್ಕಾರವು ಅವರನ್ನು ಕಂದಾಯ ಇಲಾಖೆಗೆ ತೆಗೆದುಕೊಂಡು ಹತ್ತಿ, ಹೊಗೆಸೊಪ್ಪು ಮೊದಲಾದ ಬೆಳೆಗಳ ವಿಚಾರಣೆಗೆ ನೇಮಿಸಿತು. 1842ರಿಂದ ಕೊಯಮತ್ತೂರಿನಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸುವ ಪ್ರಯೋಗಕ್ಷೇತ್ರಗಳ ಮೇಲ್ವಿಚಾರಣೆ ಅವರ ಪಾಲಿಗೆ ಬಂದಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಅದನ್ನು ಭಾರತದ ರೈತನಿಂದ ಬೆಳೆಸಬೇಕೆಂಬುದು ಕಂಪನಿಯ ಉದ್ದೇಶ. ಹತ್ತಿಯ ಪೇಟೆ ಆದವಾನಿಯ, ಮಗ್ಗಗಳ ಊರು ಎಮ್ಮಿಗನೂರಿನ ಜನ ಇದರ ಅರ್ಥವನ್ನು ಸುಲಭವಾಗಿ ಗ್ರಹಿಸಬಲ್ಲರು. ವೈಟ್ ನಿಷ್ಠೆಯಿಂದ ದುಡಿದರೂ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಸಂಬಳಕ್ಕಾಗಿ ಮಾಡಿದ ಈ ಕೆಲಸದಿಂದ ಅವರ ಹೆಸರು ಉಳಿದಿಲ್ಲ. ಅವರು ದುಡಿದದ್ದು ಪರರ ನಾಡನ್ನು ಆಳುತ್ತಿದ್ದ ವ್ಯಾಪಾರಿ ಸಂಸ್ಥೆಯ ನೌಕರರಾಗಿ ಎಂಬುದನ್ನು ಮರೆಯುವುದೂ ಸಲ್ಲದು. ಗಿಡಗಳ ಪಟ್ಟಿಯಲ್ಲಿಯೂ ಕಂಪನಿಗೆ ಲಾಭದ ಲೆಕ್ಕವಿತ್ತು.

ಆದರೆ ಹಗಲು ಹತ್ತಿಯ ಹೊಲ ಕಾದ ಆ ವರ್ಷಗಳಲ್ಲಿಯೇ ಅವರ ಮಹಾಗ್ರಂಥ ಬೆಳೆಯಿತು. ಪೌರ್ವಾತ್ಯ ಭಾರತದ ಸಸ್ಯಗಳ ಚಿತ್ರಸಂಪುಟವೆಂದು ಅರ್ಥ ಬರುವ ಲ್ಯಾಟಿನ್ ಶೀರ್ಷಿಕೆಯ ಆ ಕೃತಿ 1838ರಿಂದ 1853ರವರೆಗೆ ಕಂತುಕಂತಾಗಿ ಆರು ಸಂಪುಟಗಳಲ್ಲಿ ಪ್ರಕಟವಾಯಿತು. ಒಟ್ಟು ಚಿತ್ರಫಲಕಗಳು 2,101. ಲಂಡನ್ನಿನಲ್ಲಿ ಮುದ್ರಿಸುವುದು ದುಬಾರಿಯಾದ್ದರಿಂದ ಮದರಾಸಿನಲ್ಲಿಯೇ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಸೆಕೆಗೆ ಮಸಿ ಹರಡುವುದು, ಒಳ್ಳೆಯ ಕೆಲಸಗಾರರ ಅಭಾವ, ಹಣದ ಕೊರತೆ, ಇವೆಲ್ಲದರ ನಡುವೆ ಅದು ಹೊರಬಂದಿತು. ಅದರ ಪುಟಗಳಲ್ಲಿಯೇ 1848ರಲ್ಲಿ ಸೆರೋಪೀಜಿಯ ಸ್ಪೈರಾಲಿಸ್ ಎಂಬ ಪ್ರಭೇದವನ್ನು ವೈಟ್ ಲೋಕಕ್ಕೆ ಪರಿಚಯಿಸಿದರು: ಹುಲ್ಲಿನಂಥ ಕಿರಿದಾದ ಎಲೆ, ದಾರ ಹೊಸೆದಂತೆ ಒಂದನ್ನೊಂದು ಸುತ್ತಿಕೊಂಡ ದಳಗಳು, ನೆಲದೊಳಗೆ ಗೆಡ್ಡೆ. ರಾಯಲಸೀಮೆಯ ಗುಡ್ಡಗಳಲ್ಲಿಯೂ ಕಂಡುಬರುವ ಗಿಡವಿದು. ಒಟ್ಟಾರೆ ಅವರು ಹೊಸದಾಗಿ ವರ್ಣಿಸಿದ ಕುಲಗಳು ನೂರಕ್ಕೂ ಹೆಚ್ಚು, ಪ್ರಭೇದಗಳು ಸಾವಿರಕ್ಕೂ ಹೆಚ್ಚು.

ಈ ಫಲಕಗಳ ಅಡಿಯಲ್ಲಿ ಒಂದು ವಿಶೇಷವಿದೆ. ಕಂಪನಿಯ ಕಾಲದಲ್ಲಿ ಭಾರತೀಯ ಚಿತ್ರಕಾರರು ಬರೆದ ಸಾವಿರಾರು ಸಸ್ಯಚಿತ್ರಗಳು ಯಾರ ಕೈಯವೆಂದು ಇಂದು ಹೇಳಲಾಗದು. ಬರೆಸಿದವನ ಹೆಸರಿದೆ, ಬರೆದವನದಿಲ್ಲ. ವೈಟ್ ಅವರ ಫಲಕಗಳಲ್ಲಿ ರಂಗಯ್ಯ, ಗೋವಿಂದು ಎಂಬ ಹೆಸರುಗಳು ಅಚ್ಚಾಗಿವೆ. ಅಷ್ಟಕ್ಕೇ ನಿಲ್ಲದೆ, ಕೊನೆಯ ಸಂಪುಟದಲ್ಲಿ ಸೀತಾಳೆ ಹೂಗಳ ಬಳಗದ ಒಂದು ಕುಲಕ್ಕೆ ವೈಟ್ ತಮ್ಮ ಚಿತ್ರಕಾರನ ನೆನಪಿಗೆ ಗೋವಿಂದೂಯ ಎಂದು ಹೆಸರಿಟ್ಟರು. ಆ ಗಿಡ ಅದಾಗಲೇ ತಿಳಿದಿದ್ದ ಬೇರೊಂದು ಕುಲಕ್ಕೆ ಸೇರಿದ್ದೆಂದು ಆಮೇಲೆ ಗೊತ್ತಾದುದರಿಂದ ಹೆಸರು ಬಳಕೆಯಿಂದ ಹೋಯಿತು. ಆದರೂ ಗವರ್ನರುಗಳ, ಶ್ರೀಮಂತರ ಹೆಸರುಗಳನ್ನು ಗಿಡಗಳಿಗೆ ಇಡುತ್ತಿದ್ದ ಕಾಲದಲ್ಲಿ ಕೂಲಿಗೆ ದುಡಿದ ಕಲಾವಿದನ ಹೆಸರನ್ನು ಇಟ್ಟದ್ದು ಸಣ್ಣ ಸಂಗತಿಯಲ್ಲ. ಇಲ್ಲಿಗೂ ಒಂದು ಕೊರತೆ ಉಳಿಯಿತು. ಮಳೆಯಲ್ಲಿ ಗುಡ್ಡ ಹತ್ತಿ ಗಿಡ ತಂದವರು, ಯಾವ ಬಂಡೆಯ ಮರೆಯಲ್ಲಿ ಯಾವ ಗೆಡ್ಡೆ ಇದೆಯೆಂದು ತೋರಿಸಿದ ಹಳ್ಳಿಗರು, ಅದನ್ನು ತಿನ್ನಬಹುದೇ ಬಾರದೇ ಎಂದು ತಿಳಿಸಿದ ಹೆಂಗಸರು, ಇವರಲ್ಲಿ ಬಹುಪಾಲು ಜನರ ಹೆಸರು ಯಾವ ಪುಟದಲ್ಲಿಯೂ ಇಲ್ಲ.

1853ರಲ್ಲಿ ವೈಟ್ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. 1855ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ರೀಡಿಂಗ್ ಪಟ್ಟಣದ ಸಮೀಪ ಗ್ರೇಜ್ಲಿ ಎಂಬಲ್ಲಿ ಬೇಸಾಯ ಮಾಡಿಕೊಂಡು ಉಳಿದ ದಿನಗಳನ್ನು ಕಳೆದರು. ಜೀವಮಾನದ ಒಣಸಸ್ಯ ಸಂಗ್ರಹವನ್ನು ಕ್ಯೂ ಉದ್ಯಾನಕ್ಕೆ ಒಪ್ಪಿಸಿ, 1872ರ ಮೇ 26ರಂದು ನಿಧನರಾದರು. ರಂಗಯ್ಯ ಮತ್ತು ಗೋವಿಂದು ಬರೆದ ಸುಮಾರು 700 ಮೂಲಚಿತ್ರಗಳು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಸುರಕ್ಷಿತವಾಗಿವೆ.

ವಿಜ್ಞಾನವು ಅಲ್ಲಿಗೆ ನಿಲ್ಲಲಿಲ್ಲ. ವೈಟ್ ಮತ್ತು ಆರ್ನಟ್ ಪ್ರತ್ಯೇಕ ಕುಟುಂಬವೆಂದು ವಿವರಿಸಿದ ಎಕ್ಕದ ಬಳಗವನ್ನು ಇಂದಿನವರು ಕಣಗಿಲೆಯ ಕುಟುಂಬದೊಳಗೆ ಸೇರಿಸಿದ್ದಾರೆ. ವರ್ಗೀಕರಣ ತಿದ್ದುಪಡಿಗೆ ಒಳಗಾಗುತ್ತಲೇ ಇರುತ್ತದೆ. ನಿಷ್ಠೆಯಿಂದ ಮಾಡಿದ ವರ್ಣನೆಯೂ ಚಿತ್ರವೂ ಉಳಿಯುತ್ತವೆ, ಏಕೆಂದರೆ ತಿದ್ದುವವರಿಗೂ ಅವೇ ಆಧಾರ. ಚಿಂತೆಗೆ ಕಾರಣವಾದುದು ಬೇರೊಂದಿದೆ. ಮಾಗಳಿಯ ಬಳಕೆ ಅದರ ಬೇರಿನದು. ಎಲೆಯನ್ನೋ ಹಣ್ಣನ್ನೋ ಕೊಯ್ದರೆ ಗಿಡ ಉಳಿಯುತ್ತದೆ. ಗೆಡ್ಡೆಯನ್ನು ಪೂರ್ತಿ ಅಗೆದರೆ ಗಿಡವೇ ಹೋಗುತ್ತದೆ. ಮಾರುಕಟ್ಟೆಗಾಗಿ ಕಾಡಿನಿಂದ ಎಡೆಬಿಡದೆ ಅಗೆದುದರಿಂದ ಈ ಬಳ್ಳಿ ಇಂದು ಅಪಾಯದಂಚಿನ ಸಸ್ಯಗಳ ಸಾಲಿಗೆ ಬಂದಿದೆ. ಸೆರೋಪೀಜಿಯದ ಹಲವು ಪ್ರಭೇದಗಳ ಗತಿಯೂ ಇದೇ. ಗುಡ್ಡ ಕಲ್ಲುಗಣಿಯಾದ ಮೇಲೆ ಬಂಡೆಯ ಸಂದಿನ ಗೆಡ್ಡೆಗೆ ಹೋಗಲು ಬೇರೆ ಜಾಗವಿಲ್ಲ.

ನಮ್ಮ ಶಾಲೆಯ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಅವರು ಪಾಠವನ್ನು ಕನ್ನಡದಲ್ಲಿ ಕಲಿಯುತ್ತಾರೆ, ಪೇಟೆಯಲ್ಲಿ ತೆಲುಗನ್ನು ಕೇಳುತ್ತಾರೆ. ಒಂದೊಂದು ಗಿಡಕ್ಕೂ ಅವರ ಬಾಯಲ್ಲಿ ಎರಡೆರಡು ಹೆಸರುಗಳಿವೆ. ಹೊಸ ಮಳೆ ಬಿದ್ದ ಮೇಲೆ ಅಧ್ಯಾಪಕರು ಒಂದು ದಿನ ಅವರನ್ನು ಸಮೀಪದ ಗುಡ್ಡಕ್ಕೆ ಕರೆದೊಯ್ಯಲಿ. ಗೆಡ್ಡೆಯನ್ನು ಕೀಳದೆ, ಬುಡದ ಮಣ್ಣನ್ನು ತುಸು ಸರಿಸಿ ನೋಡಿ ಮತ್ತೆ ಮುಚ್ಚಲಿ. ಕಂಡ ಗಿಡವನ್ನು ಮಕ್ಕಳು ಸ್ವಂತ ಕೈಯಿಂದ ಬರೆದು, ದಿನಾಂಕವನ್ನೂ ಸ್ಥಳವನ್ನೂ ಎರಡು ಭಾಷೆಗಳ ಹೆಸರುಗಳನ್ನೂ ಅದರ ಕೆಳಗೆ ನಮೂದಿಸಲಿ. ಆ ಹೆಸರನ್ನು ಹೇಳಿಕೊಟ್ಟ ಅಜ್ಜಿಯ ಅಥವಾ ಕುರಿ ಕಾಯುವ ಅಣ್ಣನ ಹೆಸರನ್ನೂ ತಪ್ಪದೆ ಬರೆಯಲಿ. ವೈಟ್ ಅವರ ಆರು ಸಂಪುಟಗಳಲ್ಲಿ ಸೇರದೆ ಹೋದದ್ದು ಆ ಒಂದು ಸಾಲು. ನಮ್ಮ ಮಕ್ಕಳ ನೋಟುಬುಕ್ಕಿನಲ್ಲಾದರೂ ಅದು ಇರಲಿ.